ಮಳೆ ಸುಟ್ಟುಹೋದ ಕಟ್ಟು

ಬಹಳ ಹಿಂದೆ, ಏಳು ಬೆಟ್ಟಗಳಾಚೆಯ ವರ್ಣಗಿರಿ ರಾಜ್ಯದಲ್ಲಿ ಗಂಜೀಫಾ ಎಂಬ ಇಸ್ಪೀಟಿನಂಥ ಆಟದ ಎಲೆ ಹಾಕಿದರೆ ಅದರ ಮೇಲಿನ ಚಿತ್ರ ಜೀವ ತಳೆದು ಎದ್ದು ಬರುತ್ತಿತ್ತು. ಸಿಂಹದ ಎಲೆ ಹಾಕಿದರೆ ಸಿಂಹ, ಹಾವಿನ ಎಲೆ ಹಾಕಿದರೆ ಹಾವು. ಸೋತ ಎಲೆ ಅಲ್ಲೇ ಬೂದಿಯಾಗುತ್ತಿತ್ತು. ಸಿಂಹಾಸನವೂ ಆಟ ಗೆದ್ದವರಿಗೇ. ಅದರಲ್ಲಿ ಕೂತಿದ್ದವನು ಧೂಮಕಂಠನೆಂಬ ಮಾಂತ್ರಿಕ. ಅವನೆದುರು ಸೋತ ಮನುಷ್ಯರು ಎಲೆಗಳಾಗಿ ಅವನ ಆಟದೆಲೆಗಳ ಕಟ್ಟು ಸೇರುತ್ತಿದ್ದರು.

ಚೆಲುವಾಜಿಯ ಅಣ್ಣ ಕೆಂಪರಸ ಹೋದ ವರ್ಷ ಹಾಗೆ ಎಲೆಯಾಗಿದ್ದ. ಅವನನ್ನು ಬಿಡಿಸಲು ಅವಳು ಪಂದ್ಯಕ್ಕೆ ಹೊರಟಳು. ಕೈಯಲ್ಲಿದ್ದದ್ದು ಅಜ್ಜಿಯ ಕಾಲದ ಕಟ್ಟು. ಮೊದಲು ಬೀಜದ ಎಲೆ, ಅದರ ಮೇಲೆ ಮಳೆಯದು, ಆಮೇಲೆ ಆಲದ್ದು. ಮೂರೂ ಕೂಡಿದರೆ ಆಲದ ಮರ ಎದ್ದು ಎದುರಿನದ್ದನ್ನೆಲ್ಲ ಬೇರುಗಳಲ್ಲಿ ಬಿಗಿಯುತ್ತಿತ್ತು. ಒಂದು ತಪ್ಪಿದರೂ ಕತೆ ಮುಗಿದಂತೆಯೇ.

“ಈ ಕಾಲಕ್ಕೆ ಇದು ನಡೆಯೋದಿಲ್ಲ ಕಣಮ್ಮ,” ಎಂದ ಅರಮನೆ ಬಾಗಿಲ ಕಾವಲುಗಾರ. “ಮಳೆ ತಡೆದರೆ ಆಯ್ತು ಅಂತ ಕೂಸಿಗೂ ಗೊತ್ತು.”

ಅವಳು ಕಟ್ಟನ್ನು ಸೆರಗಿಗೆ ಸುತ್ತಿಕೊಂಡು ಒಳಗೆ ನಡೆದಳು. ಧೂಮಕಂಠನೆದುರು ಕೂರಲು ಮೊದಲು ಅವನ ಇಬ್ಬರು ಆಟಗಾರರನ್ನು ಗೆಲ್ಲಬೇಕಿತ್ತು.

ಮೊದಲ ಆಟದಲ್ಲಿ ಸಿಂಹದ ಎಲೆ ಹಾಕಿದವನು ಅವಳದ್ದು ಹಳೇ ಕಟ್ಟೆಂದು ನಕ್ಕು ಮೈಮರೆತ. ಆಲ ಎದ್ದಿತು, ಅವಳು ಗೆದ್ದಳು. ಎರಡನೆಯ ಆಟದಲ್ಲಿ ಗಂಡಭೇರುಂಡ ಎರಗಿತು. ಆಲ ಎದ್ದು ಗೆಲುವು ಬಂತು. ಆದರೆ ಹಕ್ಕಿಯ ಕೊಕ್ಕಿಗೆ ಸಿಕ್ಕಿದ್ದ ಮಳೆಯ ಎಲೆ ಬೂದಿಯಾಯಿತು. ಇನ್ನುಳಿದದ್ದು ಧೂಮಕಂಠನೊಡನೆ ಮೂರನೆಯ ಆಟ. ಮಳೆ ಮಾತ್ರ ಇಲ್ಲ!

ಧೂಮಕಂಠ ಏಳು ಹೆಡೆಯ ಸರ್ಪವನ್ನು ಬಿಟ್ಟ. ಚೆಲುವಾಜಿ ಬೀಜ ಇಟ್ಟಳು. ಅವನು ಅದನ್ನು ಮುಟ್ಟಲೂ ಇಲ್ಲ.

“ಒಣಬೀಜ ತಂದಿದ್ದೀಯಲ್ಲೇ! ನಿನ್ನಣ್ಣನ ಪಕ್ಕದಲ್ಲೇ ಜಾಗ ಕೊಡ್ತೀನಿ.”

ಸರ್ಪ ಹತ್ತಿರ ಬಂತು. ಅವಳ ಕೈಯಲ್ಲಿ ಒಂದು ಪಂಜಿನ ಎಲೆಯಿತ್ತು. ಬೀಜದ ಪಕ್ಕ ಬೆಂಕಿ ಇಡುವ ಹುಚ್ಚರು ಯಾರೂ ಇರಲಿಲ್ಲ. ಆದರೆ ಸರ್ಪಕ್ಕೆ ಬೆಂಕಿಯೆಂದರೆ ಭಯ, ಮತ್ತು ಧೂಮಕಂಠ ಬೆಂಕಿ ಕಂಡಲ್ಲೆಲ್ಲ ಕಾರ್ಮುಗಿಲಿನ ಎಲೆ ಹಾಕಿ ಆರಿಸುತ್ತಾನೆಂದು ಊರಿಗೇ ಗೊತ್ತಿತ್ತು. ಈಗಲೂ ಹಾಕುತ್ತಾನೆಯೇ? ಹಾಕದಿದ್ದರೆ ಬೀಜ ಬೆಂದುಹೋಗುತ್ತದೆ, ತಾನೂ ಎಲೆಯಾಗುತ್ತೇನೆ. ದೇವರೇ ಎಂದು ಪಂಜನ್ನು ಬೀಜದ ಪಕ್ಕಕ್ಕೇ ಇಟ್ಟಳು.

ಬೀಜದ ಸಿಪ್ಪೆ ಚಟಪಟ ಎಂದಿತು. ಧೂಮಕಂಠ ಗಡ್ಡ ನೀವಿಕೊಂಡ. ಅಷ್ಟರಲ್ಲಿ ಸರ್ಪ ಹಿಂದೆ ಸರಿಯಿತು. ಅವನ ಕೈ ಯೋಚಿಸದೆ ಕಾರ್ಮುಗಿಲನ್ನು ಎಸೆಯಿತು.

ಪಂಜು ಆರಿತು. ಧೋ ಎಂದು ಸುರಿದ ನೀರನ್ನೆಲ್ಲ ಬೀಜ ಕುಡಿಯಿತು.

“ಅಯ್ಯೋ, ಅದು ನನ್ನ ಮಳೆ!” ಎಂದು ಧೂಮಕಂಠ ಕಿರುಚಿದ.

“ಬೀಜಕ್ಕೆ ಯಾರ ಮಳೆಯಾದರೇನು?” ಎಂದು ಚೆಲುವಾಜಿ ಆಲದ ಎಲೆ ಹಾಕಿದಳು. ಬೇರುಗಳು ಸರ್ಪವನ್ನು ಬಿಗಿದವು, ಸಿಂಹಾಸನವನ್ನು ಸೀಳಿದವು. ಸೋತ ಧೂಮಕಂಠ ತನ್ನದೇ ಮಂತ್ರಕ್ಕೆ ಸಿಕ್ಕಿ ಎಲೆಯೊಂದರ ಮೇಲೆ ಬಾಯಿ ತೆರೆದ ಚಿತ್ರವಾದ. ಅವನ ಕಟ್ಟು ಚೆಲ್ಲಿ, ಎಲೆಗಳೆಲ್ಲ ಮನುಷ್ಯರಾಗಿ ಎದ್ದವು.

ಕೆಂಪರಸ ಸೊಂಟ ಹಿಡಿದುಕೊಂಡು ಎದ್ದ. “ಬೀಜದ ಪಕ್ಕ ಪಂಜು ಇಡ್ತಾರೇನೇ? ಅಜ್ಜಿ ಹೀಗೆ ಕಲಿಸಿರಲಿಲ್ಲ!”

ಚೆಲುವಾಜಿ ಅವನ ಬೆನ್ನಿಗೊಂದು ಗುದ್ದಿ, ಅವನನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ಆ ಆಲದ ನೆರಳಿನಲ್ಲಿ ವರ್ಣಗಿರಿಯ ಜನ ಉಂಡು, ಆಡಿ, ಜಗಳವಾಡಿ, ನಗುತ್ತ ಬಾಳಿದರು. ಅಂದು ಮಾತ್ರ ಅವಳನ್ನು ಅಣ್ಣ ಬಹಳ ಹೊತ್ತು ಸಮಾಧಾನ ಮಾಡಬೇಕಾಯಿತು.