ಸೋಮವಾರ ಇಲ್ಲದ ಕಹಿ

"ಥೂ! ಇಸ! ಇವತ್ತೂ ಆಕವ್ಳೆ!"

ಧನಗೆರೆಯ ಕೆಂಪನಂಜಪ್ಪನವರು ಬಾಯಲ್ಲಿದ್ದ ತುತ್ತನ್ನು ಅಂಗಳಕ್ಕೆ ಉಗಿದರು. ಪಕ್ಕದ ಎಲೆಯ ಮುಂದೆ ಕೂತಿದ್ದ ನನ್ನ ಕೈ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಕೈಯಲ್ಲಿ ಮುದ್ದೆ, ಮುದ್ದೆಗೆ ಅದೇ ಸಾರು. ನುಂಗಲೇ? ಬಿಡಲೇ? ಅಯ್ಯೋ ಶಿವನೇ ಎಂದು ಎಲೆಗೆ ಬಿಟ್ಟೆ.

ಬಡಿಸುತ್ತಿದ್ದ ಸೊಸೆ ಚನ್ನಮಲ್ಲಮ್ಮ ಸೌಟು ಹಿಡಿದು ನಿಂತಲ್ಲೇ ನಿಂತಳು. "ಮಾವಯ್ಯ, ನಾನೇನೂ ಆಕಿಲ್ಲ—"

ಮಾತು ಮುಗಿಸಲು ಯಾರು ಬಿಟ್ಟರು? ಯಜಮಾನರ ತಂಗಿ ಮಹಾಲಕ್ಷ್ಮಮ್ಮ ಅವಳ ಕಂಕುಳಲ್ಲಿದ್ದ ಹತ್ತು ತಿಂಗಳ ಕೂಸನ್ನು ಕಿತ್ತುಕೊಂಡರು. ಯಜಮಾನರು ಸೊಸೆಯನ್ನು ರಾಗಿ ಕೋಣೆಯೊಳಕ್ಕೆ ನೂಕಿ, ಬೀಗ ಜಡಿದು, ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಆಮೇಲೆ ತಲೆಬಾಗಿಲಿಗೂ ಅಗಳಿ ಹಾಕಿದರು.

"ಯಾರೂ ಈಚ್ಗೆ ಓಗಂಗಿಲ್ಲ. ನಾಕು ಗಂಟೆ ಬಸ್ಸಿಗೆ ಇವ್ಳ್ನ ಅಜ್ಜೀಪುರಕ್ಕೆ, ಅವ್ಳಪ್ಪನ ಮನೇಗೆ ಅಟ್ತೀನಿ. ಕೂಸು ಇಲ್ಲೇ ಇರ್ತದೆ. ಅಷ್ಟ್ರೊಳಗೆ ನಿಮ್ಗೇನಾದ್ರೂ ಗೊತ್ತಾದ್ರೆ ಏಳಿ, ದಫೇದಾರ್ರೇ."

ಗೋಡೆಯ ಗಡಿಯಾರದಲ್ಲಿ ಎರಡೂಕಾಲು.

ದಫೇದಾರ್ ಎಂದರೆ ನನ್ನ ಸ್ನೇಹಿತ ಶಿವನಂಜಯ್ಯ. ಕೊಳ್ಳೇಗಾಲ ಮದರಾಸಿಗೆ ಸೇರಿದ್ದಾಗ ಅಲ್ಲಿನ ಪೋಲೀಸಿನಲ್ಲಿದ್ದು, ಮೈಸೂರಿಗೆ ಸೇರಿದ ಮೇಲೆ ಇಲ್ಲಿಯೂ ನಾಲ್ಕು ವರ್ಷ ದುಡಿದು, ಈಗ ಪಿಂಚಣಿ ತಿನ್ನುತ್ತಿರುವ ಮನುಷ್ಯ. ನಾನು ಪುಟ್ಟಬಸಪ್ಪ, ಕೊಳ್ಳೇಗಾಲದ ಔಷಧಾಲಯವೊಂದರ ಕಾಂಪೌಂಡರ್. ಊಟ ದಿನಾ ಕಹಿ, ಏನೋ ಬೆರೆಸುತ್ತಿದ್ದಾರೆ, ಸ್ಟೇಷನ್ನು ಬೇಡ, ನೀವೇ ಬಂದು ಕೂತು ನೋಡಿ ಎಂದು ಯಜಮಾನರು ಹೇಳಿ ಕಳುಹಿಸಿದ್ದರಿಂದ ಇಬ್ಬರೂ ಬಂದಿದ್ದೆವು. ಬಂದವರು ಈಗ ಮನೆಯವರ ಜೊತೆಗೆ ನಾವೂ ಕೈದಿಗಳು! ಸುಡು ಬೇಸಿಗೆ. ಕಿಟಕಿಗಳು ಕಂಡಿಯಷ್ಟು. ಗೋಡೆಯಾಚೆ ತಾಯಿ ಅಳುತ್ತಿದ್ದಳು, ಈಚೆ ಕೂಸು.

ಇತ್ತ ಶಿವನಂಜಯ್ಯ ಮಾಡುತ್ತಿದ್ದುದೇನು? ಊಟ! ಅದೇ ಸಾರಿನಲ್ಲಿ ಮುದ್ದೆ ಅದ್ದಿ ಅದ್ದಿ ನುಂಗುತ್ತಿದ್ದ.

"ಲೇ ನಂಜ, ಸಾಯ್ತೀಯ ಕಣ್ಲಾ!"

"ಸಾರು ಚೆಂದಾಗದೆ ಕಣ್ಲಾ. ಉಣ್ಣು."

ಕೈ ತೊಳೆದು ಬಂದು ಯಜಮಾನರ ಎದುರು ಚಕ್ಕಳಮಕ್ಕಳ ಹಾಕಿ ಕೂತ.

"ಈ ಕಯ್ಯಿ ಯಾವತ್ನಿಂದ?"

"ಅಲ್ಲು ಕಟ್ಟಿಸ್ದಾಗ್ನಿಂದ. ಇವತ್ಗೆ ಅದ್ನಾರು ದಿನ."

ಯಜಮಾನರ ಮೇಲಿನ ಸಾಲಿನ ಹಲ್ಲೊಂದು ಮುರಿದಿತ್ತು. ಕೊಳ್ಳೇಗಾಲದ ಪೇಟೆಯಲ್ಲಿ ಹಲ್ಲು ಕಟ್ಟುವವನೊಬ್ಬನಿದ್ದ. ನಾವೇ ಚಿನ್ನದ ತಗಡು ತಂದುಕೊಟ್ಟರೆ ಮುರುಕು ಹಲ್ಲಿಗೆ ಹೊದಿಸಿ ಕೂರಿಸುತ್ತಿದ್ದ. ಇವರೂ ಹಾಗೇ ಮಾಡಿಸಿದ್ದರು. ಮೂರನೆಯ ದಿನಕ್ಕೇ ಬಾಯೆಲ್ಲ ಕಹಿ ಎಂದು ನನ್ನ ಹತ್ತಿರ ಬಂದಿದ್ದರು. ಹಲ್ಲಿನ ಕೆಲಸ ಆದಮೇಲೆ ಬಾಯಿ ಕೆಡುವುದು ಮಾಮೂಲು, ಉಪ್ಪುನೀರು ಮುಕ್ಕಳಿಸಿ, ಲವಂಗ ಕಚ್ಚಿಕೊಳ್ಳಿ ಎಂದು ಸಾಗಹಾಕಿದ್ದೆ. ಬಾಯಿ ತೆರೆಸಿಯೂ ನೋಡಿರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

"ಎಲ್ಲಾ ಮಾಡ್ದೆ," ಎಂದರು ಯಜಮಾನರು. "ಉಪ್ಪುನೀರು, ಲವಂಗ, ಬೇವಿನ ಕಡ್ಡಿ, ಜೇನುತುಪ್ಪ. ಮುಕ್ಕಳಿಸ್ದಾಗ ಓಯ್ತದೆ, ಉಣ್ಣಕ್ಕೆ ಕೂತ್ರೆ ಬತ್ತದೆ. ಅದ್ನಾರು ದಿನದಿಂದ ಒಟ್ಟೆ ತುಂಬ ಉಂಡಿಲ್ಲ. ನನ್ ಮನೇಲೇ ಎದ್ರಿ ಎದ್ರಿ ತುತ್ತು ಎತ್ತಬೇಕು. ಇದು ಒಂದು ಬಾಳಾ?"

ದೊಡ್ಡ ಆಳು. ಕೆನ್ನೆ ಒಳಕ್ಕೆ ಹೋಗಿತ್ತು, ಕಣ್ಣಲ್ಲಿ ನಿಜವಾದ ಭಯವಿತ್ತು.

"ಕಯ್ಯಿ ಇಲ್ಲದ ದಿನ ಯಾವ್ದಾದ್ರೂ ಇತ್ತಾ?"

ಉತ್ತರ ಮಹಾಲಕ್ಷ್ಮಮ್ಮನವರಿಂದ ಬಂತು. ಗಂಡ ತೀರಿದ ಮೇಲೆ ಅಣ್ಣನ ಮನೆಯಲ್ಲೇ ಇದ್ದ ಹೆಂಗಸು. "ಸ್ವಾಮಾರ ಇರಲ್ಲ. ಸ್ವಾಮಾರ ಅಣ್ಣಯ್ಯಂಗೆ ಒಪ್ಪೊತ್ತು, ಬರೀ ಆಲು, ಬಾಳೆಅಣ್ಣು. ಎರಡು ಸ್ವಾಮಾರಾನೂ ಕಯ್ಯಿ ಇಲ್ಲ. ಅವ್ಳ ಕೈ ಅಡ್ಗೆ ಇಲ್ದಿದ್ರೆ ಇಸಾನೂ ಇಲ್ಲ. ಇನ್ನೇನ್ ಬೇಕು ಸಾಕ್ಸಿ?"

ಸರಿಯಲ್ಲವೇ? ಪಾಪ, ಆ ಹುಡುಗಿಯ ಕಥೆ ಮುಗಿಯಿತು ಎಂದುಕೊಂಡೆ.

"ನೀವೂ ಅದೇ ಸಾರು ಉಣ್ಣೋದಾ ತಾಯಿ?"

"ಊ ಮತ್ತೆ! ನಂಗೂ ದಿನಾ ಕಯ್ಯಿ. ಕಿಲುಬು ನೆಕ್ದಂಗೆ."

ಕಿಲುಬು! ನನಗೆ ತಟ್ಟನೆ ಹೊಳೆಯಿತು. ಹಿತ್ತಾಳೆ ಪಾತ್ರೆಯ ಕಲಾಯಿ ಹೋಗಿದ್ದರೆ ಹುಳಿ ಹಾಕಿದ ಸಾರು ಕಿಲುಬೇರುತ್ತದೆ, ಇದು ಯಾರಿಗೆ ಗೊತ್ತಿಲ್ಲ? ಅಡಿಗೆಮನೆಗೆ ಓಡಿದೆ. ಒಂದೊಂದೇ ಪಾತ್ರೆಯ ಒಳಗೆ ಬೆರಳಾಡಿಸಿ ನೋಡಿದೆ. ಎಲ್ಲಕ್ಕೂ ಹೊಸ ಕಲಾಯಿ, ಫಳಫಳ. ಸಾರು ಕುದಿದದ್ದಂತೂ ಮಣ್ಣಿನ ಮಡಕೆಯಲ್ಲಿ! ಪೆಚ್ಚಾಗಿ ಹಿಂದಿರುಗಿದೆ.

"ಎಲ್ಲಾ ಪಾತ್ರೇನೂ ನೋಡ್ದಾ?" ಶಿವನಂಜಯ್ಯ ನಗುತ್ತ ಕೇಳಿದ.

"ಎಲ್ಲಾ!"

"ಒಂದ ಬುಟ್ಟಿದ್ದೀಯ."

ನನಗೆ ಮೈ ಉರಿಯಿತು. ಇದು ಒಗಟು ಹೇಳುವ ಹೊತ್ತೇ? ಅವನು ಆಗಲೇ ರಾಗಿ ಕೋಣೆಯ ಕಂಡಿಯ ಹತ್ತಿರ ಹೋಗಿದ್ದ. ಒಳಗೆ ಕತ್ತಲು. ಕಂಬಿ ಹಿಡಿದ ಎರಡು ಕೈ ಮಾತ್ರ ಕಾಣುತ್ತಿತ್ತು.

"ಯಜಮಾನ್ರ ಅಲ್ಲಿಗೆ ಚಿನ್ನ ಎಲ್ಲಿಂದ ಬಂತವ್ವಾ?"

"ಅವ್ರ ಅವ್ವನ ಓಲೆ, ಸಾ. ಒಂದೇ ಜೊತೆ ಇದ್ದದ್ದು. ಮಹಾಲಕ್ಷ್ಮತ್ತೆ ಯಳಂದೂರಿಗೆ ಓಗಿ, ಆಚಾರಿ ತಾವ ತಗಡು ಬಡಿಸ್ಕಂಡು ಬಂದ್ರು." ಅವಳು ಕಂಬಿಗೆ ಮುಖ ಒತ್ತಿದಳು. "ಸಾ, ಗಂಟೆ ಎಷ್ಟು? ಕೂಸಿಗೆ ಆಲು ಕುಡ್ಸೋ ಒತ್ತು. ಎದೆ ಬಿಗೀತಾ ಅದೆ. ಕೂಸಿನಪ್ಪ ಮಾರ್ಟಳ್ಳಿಗೆ ಎತ್ತು ನೋಡಕ್ಕೆ ಓಗವ್ರೆ, ನಾಳಿಕ್ಕೆ ಬರೋದು. ಅಷ್ಟ್ರಲ್ಲಿ ನನ್ನ ಅಟ್ಬುಟ್ರೆ ಕೂಸ್ನ ಯಾರು ಕೊಟ್ಟಾರು ಸಾ?"

ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಶಿವನಂಜಯ್ಯ ಎತ್ತರದ ಗೋಡೆ ಇದ್ದ ಹಿತ್ತಲಿಗೆ ಹೋದ. ಗಿಡದಿಂದ ನಿಂಬೆಕಾಯಿಯೊಂದನ್ನು ತಾನೇ ಕಿತ್ತು, ತನ್ನ ಜೇಬಿನ ಚಾಕುವಿನಿಂದ ತಾನೇ ಎರಡು ಹೋಳು ಮಾಡಿ ತಂದ. ಒಂದು ನನಗೆ, ಒಂದು ಯಜಮಾನರಿಗೆ.

"ಚೆನ್ನಾಗಿ ಚೀಪಿ. ಬಾಯೆಲ್ಲಾ ಆಡಿಸಿ."

ನಾನು ಚೀಪಿದೆ. ಹುಳಿ, ಅಷ್ಟೆ. ಯಜಮಾನರು ಚೀಪಿದರು, ತಡೆದರು, ಮುಖ ಕಿವುಚಿದರು.

"ಥೂ! ಅದೇ ಕಯ್ಯಿ!"

"ನಿಂಬೆಕಾಯಿಗೂ ಸೊಸೆ ಇಸ ಆಕವ್ಳಾ? ಗಿಡಕ್ಕೇ ಆಕವ್ಳಾ?"

ಶಿವನಂಜಯ್ಯ ತನ್ನ ಬಿಳಿಯ ವಸ್ತ್ರದ ಚುಂಗನ್ನು ಬೆರಳಿಗೆ ಸುತ್ತಿ, ಅವರ ಬಾಯಿ ತೆರೆಸಿ, ಹೊಳೆಯುವ ಹಲ್ಲಿನ ಬುಡವನ್ನು ಗಸಗಸ ಉಜ್ಜಿದ. ಬಟ್ಟೆ ಹಸಿರಾಯಿತು.

"ನೋಡ್ಲಾ ಪುಟ್ಟಬಸಪ್ಪ, ನೀ ನೋಡ್ದೆ ಬುಟ್ಟ ಪಾತ್ರೆ! ಇತ್ತಾಳೆ. ಕಲಾಯಿ ಇಲ್ಲ. ಮುದ್ದೆ ಸಾರಲ್ಲಿ ಉಣಸೆ ಉಳಿ ಇರ್ತದೆ, ಕಿಲುಬು ಬಿಡ್ತದೆ. ಸ್ವಾಮಾರ ಇಲ್ದೇ ಇದ್ದದ್ದು ಸೊಸೆ ಕೈಯಲ್ಲ, ಉಳಿ. ಆಲು-ಬಾಳೆಅಣ್ಣಲ್ಲಿ ಉಳಿ ಎಲ್ಲದೆ?"

"ಆಚಾರಿ ನನ್ನ ಮುಂಡಾಮೋಚ್ಬುಟ್ನಾ!" ಯಜಮಾನರು ಎದ್ದು ನಿಂತರು.

"ಕೂತ್ಕಳಿ. ನಾನೂ ಮೊದ್ಲು ಅಂಗೇ ಅಂದ್ಕಂಡೆ. ಆದ್ರೆ ಅದೇ ಸಾರು ನಾನು ಒಟ್ಟೆ ಬಿರಿಯ ಉಂಡಿವ್ನಿ, ಕಯ್ಯಿ ಇಲ್ಲ. ಈ ತಾಯಿ ಬಾಯಲ್ಲೂ ಇತ್ತಾಳೆ ಇಲ್ಲ. ಇಲ್ದಿರೋ ಕಯ್ಯಿ ಇವ್ರಿಗೆ ಎಂಗೆ ಅತ್ತಿತು? ಅದೂ ಕಿಲುಬು ಅಂತ ಎಸ್ರು ಇಡ್ದು ಏಳಿದ್ರು. ನೀವು ಇಸ ಅಂದ್ರಿ, ಕಯ್ಯಿ ಅಂದ್ರಿ. ಕಿಲುಬು ಅಂತ ಒಂದ್ಸಲನಾದ್ರೂ ಅಂದ್ರಾ? ಅದು ಕಿಲುಬು ಅಂತ ಗೊತ್ತಿದ್ದದ್ದು, ಬಾಯಲ್ಲಿರೋದು ಇತ್ತಾಳೆ ಅಂತ ಗೊತ್ತಿದ್ದೋರ್ಗೆ ಮಾತ್ರ. ಓಲೆ ಎಲ್ಲಿ, ಮಹಾಲಕ್ಷ್ಮಮ್ಮ?"

ಮಹಾಲಕ್ಷ್ಮಮ್ಮನವರ ತೋಳಲ್ಲಿದ್ದ ಕೂಸು ಒಂದೇ ಸಮನೆ ಕಿರುಚುತ್ತಿತ್ತು. ಅವರು ಅದನ್ನು ನನ್ನ ಕೈಗೆ ಕೊಟ್ಟು, ಸೊಂಟದ ಎಲೆಅಡಿಕೆ ಚೀಲ ಬಿಚ್ಚಿದರು. ಒಣಗಿದ ಎಲೆಗಳ ನಡುವೆ ಒಂದು ಜೊತೆ ಹಳೆಯ ಓಲೆ.

"ನಂಗೆ ಕೊಡು ಅಂತ ಅವ್ವ ಸಾಯೋವಾಗ ಅಂದಿದ್ಳು. ಇಪ್ಪತ್ತು ವರ್ಸ ಕೇಳ್ದೆ. ನೀನು ಕೊಡ್ನಿಲ್ಲ. ಕೊನೆಗೆ ಕರಗಿಸಿ ಬಾಯಿಗೆ ಆಕ್ಕತೀನಿ ಅಂದೆ. ಅವ್ವನ ಕಿವೀದು ಅಣ್ಣಯ್ಯ! ನನ್ ಕೈಯಾರ ಎಂಗೆ ಕರಗಿಸ್ಲಿ?" ಅವರು ಬಿಕ್ಕಿದರು. "ಕಯ್ಯಿ ಬತ್ತದೆ ಅಂತ ಗೊತ್ತಿರ್ನಿಲ್ಲ. ನೀನು ಇಸ ಅಂತ ಅವ್ಳ ಮ್ಯಾಲೆ ಬಿದ್ದೆ. ಅವತ್ತೇ ಬಾಯಿ ಬುಡ್ಬೇಕಾಗಿತ್ತು, ಆಗ್ನಿಲ್ಲ. ಆಮೇಲೆ ದಿನಾ ದಿನಾ ಇನ್ನೂ ಒಳಕ್ಕೆ ಸಿಕ್ಕಾಕ್ಕಂಡೆ."

ನನಗೆ ಕನಿಕರವಾಯಿತು, ಸುಳ್ಳೇಕೆ ಹೇಳಲಿ. ಆದರೆ ನನ್ನ ಎದೆಯ ಮೇಲೆ ಕೂಸು ಹಸಿದು ಬಾಯಿ ಹುಡುಕುತ್ತಿತ್ತು. ಕನಿಕರ ಅಲ್ಲಿಗೇ ನಿಂತಿತು.

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಯಜಮಾನರು ತಲೆ ತಗ್ಗಿಸಿ ಬೀಗದಕೈ ಬಿಚ್ಚಿ ಶಿವನಂಜಯ್ಯನ ಕಡೆ ಚಾಚಿದರು. "ನೀವೇ ತೆಗೀರಿ ದಫೇದಾರ್ರೇ."

"ಬ್ಯಾಡಿ ಸಾ!" ಒಳಗಿನಿಂದ ಚನ್ನಮಲ್ಲಮ್ಮನ ಧ್ವನಿ. ಈಗ ಅದರಲ್ಲಿ ಅಳು ಇರಲಿಲ್ಲ. "ಜಡಿದೋರೇ ತೆಗೀಲಿ."

ಯಜಮಾನರೇ ಹೋದರು. ಮೂರನೆಯ ಸಲಕ್ಕೆ ಬೀಗ ತೆರೆಯಿತು. ಮೈಯೆಲ್ಲ ರಾಗಿ ದೂಳಾಗಿದ್ದ ಚನ್ನಮಲ್ಲಮ್ಮ ಹೊರಗೆ ಬಂದವಳೇ ಕೂಸನ್ನು ನನ್ನಿಂದ ಎತ್ತಿಕೊಂಡು, ಗೋಡೆಯ ಕಡೆ ತಿರುಗಿ ಕೂತು, ಸೆರಗು ಹೊದ್ದಳು. ಕೂಸಿನ ಅಳು ನಿಂತಿತು.

ಯಜಮಾನರು ಅವಳ ಹಿಂದೆ ಬಂದು ನಿಂತರು. "ತಪ್ಪಾಯ್ತು ಕಣವ್ವ. ಒಟ್ಟೆ ಅಸಿತಾ ಅದೆ. ಒಂದಿಷ್ಟು ಆಲು ಅನ್ನ ಇಕ್ಕವ್ವ."

ಅವಳು ತಿರುಗಿ ನೋಡಲಿಲ್ಲ.

"ಸೌಟು ಅಲ್ಲೇ ಅದೆ ಮಾವಯ್ಯ. ನೀವೇ ಬಡಿಸ್ಕಳಿ."