ಅರ್ಧ ಕಟಿಂಗ್

ಪೋಸ್ಟಾಫೀಸಿನ ಮೇಡಂ ಅರ್ಧ ಕಟಿಂಗಿಗೇ ಕುರ್ಚಿಯಿಂದ ಎದ್ದುಬಿಟ್ಟರು. ತಲೆಯ ಬಲಗಡೆ ಕೂದಲು ಕಿವಿಯವರೆಗೆ, ಎಡಗಡೆ ಭುಜದವರೆಗೆ.

"ಮೇಡಂ, ಇನ್ನೊಂದು ಕಡೆ ಹಾಗೇ ಇದೆ," ಎಂದಳು ಅಮ್ಮ, ಕತ್ತರಿ ಹಿಡಿದುಕೊಂಡೇ.

"ಇರಲಿ ಬಿಡಿ. ಅಲೂಫ್ ಆಗಿರೋರು ಹೇಗಿದ್ರೂ ನಡೆಯುತ್ತೆ."

"ಅಲೂಫ್ ಅಂದ್ರೆ?"

ಮೇಡಂ ಕನ್ನಡಿಯ ಮುಂದಿದ್ದ ಕಾರ್ಡಿನ ಕಡೆ ಬೆರಳು ತೋರಿಸಿದರು. ಅದರಲ್ಲಿ ಉರುಟು ಉರುಟಾದ ಇಂಗ್ಲಿಷ್ ಅಕ್ಷರಗಳಿದ್ದವು.

"ಅಯ್ಯೋ, ಇದು ನನ್ನ ಅಕ್ಷರ ಅಲ್ಲ. ಮಗಳದ್ದು."

"ಮನೇಲಿ ದೊಡ್ಡವರು ಆಡಿದ್ದನ್ನೇ ಅಲ್ವಾ ಮಕ್ಕಳು ಬರೆಯೋದು," ಎಂದ ಮೇಡಂ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಹೊರಟೇಹೋದರು.

ಪೊರಕೆ ಹಿಡಿದು ಮೂಲೆಯಲ್ಲಿ ನಿಂತಿದ್ದ ಮಗಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿ ಅಂಥ ಉಪಕಾರವನ್ನೆಲ್ಲ ಮಾಡುವುದಿಲ್ಲ.

ಈ ಮಗಳಿಗೆ ಹತ್ತು ವರ್ಷ. ಬೀದಿಯವರೆಲ್ಲ ಅವಳನ್ನು ರೇಡಿಯೊ ಎಂದೇ ಕರೆಯುತ್ತಾರೆ. ಏಕೆಂದು ಕೇಳಬೇಕಾಗಿಲ್ಲ, ಅವಳ ಪಕ್ಕ ಎರಡು ನಿಮಿಷ ನಿಂತರೆ ಸಾಕು.

ಅಮ್ಮನ ಪಾರ್ಲರಿನಲ್ಲಿ ಒಂದು ಕಾರ್ಡಿನ ಡಬ್ಬ ಇದೆ. ಗಿರಾಕಿಗೊಂದು ಕಾರ್ಡು. ಮೇಲೆ ಕೂದಲಿನ ಅಳತೆ, ಕೆಳಗೆ ಮಾತಿನ ಅಳತೆ. 'ಮಾತು ಜಾಸ್ತಿ ಬೇಕು.' 'ಅಳಿಯನ ಸುದ್ದಿ ಎತ್ತಬಾರದು.' 'ಮಾತು ಬೇಡ.' ಕೂದಲನ್ನಾದರೂ ಸ್ವಲ್ಪ ಹೆಚ್ಚು ಕತ್ತರಿಸಿದರೆ ಮತ್ತೆ ಬೆಳೆಯುತ್ತೆ, ಮಾತು ಹೆಚ್ಚಾದರೆ ಗಿರಾಕಿಯೇ ಬರುವುದಿಲ್ಲ ಎನ್ನುವುದು ಅಮ್ಮನ ಲೆಕ್ಕ. ಅಮ್ಮನ ಈ ಬುದ್ಧಿ ಮಗಳ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಹಿಂದಿನ ದಿನ ಇಂಗ್ಲಿಷ್ ಮಿಸ್ ಬೋರ್ಡಿನ ಮೇಲೆ ಐದು ಪದ ಬರೆದಿದ್ದರು: ಶೈ, ರಿಸರ್ವ್ಡ್, ಡಿಸ್ಟಂಟ್, ಅಲೂಫ್, ಕೋಲ್ಡ್. "ಎಲ್ಲದರ ಅರ್ಥ ಹತ್ತಿರ ಹತ್ತಿರ," ಎಂದಿದ್ದರು. "ಆದ್ರೆ ಒಂದೇ ಅಲ್ಲ," ಎಂದೂ ಹೇಳಿದ್ದರು. ಅಷ್ಟರಲ್ಲಿ ರೇಡಿಯೊ ಪಕ್ಕದವಳಿಗೆ ಹಲ್ಲಿಯ ಬಾಲದ ಕತೆ ಶುರುಮಾಡಿ ಆಗಿತ್ತು.

ಮಿಸ್ಸಿನ ಇನ್ನೊಂದು ನಿಯಮ ಮಾತ್ರ ಅವಳಿಗೆ ಚೆನ್ನಾಗಿ ನೆನಪಿತ್ತು. ಒಂದೇ ಪದವನ್ನು ಮತ್ತೆ ಮತ್ತೆ ಬರೆದರೆ ಮಾರ್ಕ್ಸ್ ಕಟ್. ಅಮ್ಮನ ಡಬ್ಬದಲ್ಲಿ ನೋಡಿದರೆ ಐದು ಕಾರ್ಡುಗಳಲ್ಲಿ ಅದೇ 'ಮಾತು ಬೇಡ'! ಪಾಪ, ಅಮ್ಮನಿಗೆ ಪದಗಳ ಬರಗಾಲ ಎಂದುಕೊಂಡು ರೇಡಿಯೊ ಐದು ಹೊಸ ಕಾರ್ಡು ಬರೆದಳು. ಕನ್ನಡಕದಂಗಡಿ ಅಕ್ಕನಿಗೆ ಶೈ, ವಕೀಲರ ಹೆಂಡತಿಗೆ ಕೋಲ್ಡ್, ಪೋಸ್ಟಾಫೀಸಿನ ಮೇಡಂಗೆ ಅಲೂಫ್. ಇಸ್ಪೀಟಿನ ಎಲೆ ಹಂಚುವ ಹಾಗೆ ಹಂಚಿದಳು. ಹಳೆಯ ಕಾರ್ಡುಗಳನ್ನು ಹರಿದು ಬುಟ್ಟಿಗೆ ಹಾಕಿದಳು. ಅಮ್ಮ ಖುಷಿಪಡುತ್ತಾಳೆ ಎಂದುಕೊಂಡಿದ್ದಳು.

ಅಮ್ಮ ಬೈಯಲಿಲ್ಲ. ಉಳಿದ ನಾಲ್ಕು ಕಾರ್ಡುಗಳನ್ನು ಹುಡುಕಿ ತೆಗೆದು ಜೇಬಿಗೆ ಹಾಕಿಕೊಂಡಳು. ಆಮೇಲೆ ಖಾಲಿ ಕುರ್ಚಿಯಲ್ಲಿ ತಾನೇ ಕುಳಿತಳು.

"ಪಾರ್ಲರ್ ಶುರುಮಾಡಿದ ದಿನ ಬಂದ ಮೊದಲನೇ ಗಿರಾಕಿ ಅವರು," ಎಂದಳು. "ನನ್ನ ಕೈ ನಡುಗ್ತಿತ್ತು. ಅದನ್ನ ನೋಡಿಯೂ ಕಣ್ಣು ಮುಚ್ಚಿ ಕೂತ್ಕೊಂಡ್ರು. ಹನ್ನೊಂದು ವರ್ಷ ಆಯ್ತು, ಬೇರೆ ಎಲ್ಲೂ ಹೋಗಿಲ್ಲ."

ಬೈದಿದ್ದರೇ ಚೆನ್ನಾಗಿತ್ತು ಎಂದು ರೇಡಿಯೊಗೆ ಅನ್ನಿಸಿತು. ಬೈದರೆ ಎದುರುತ್ತರ ಕೊಡಬಹುದು. ಇದಕ್ಕೆ ಏನು ಕೊಡುವುದು?

"ನಾನೇ ಹೋಗಿ ಹೇಳಿ ಬರ್ತೀನಿ," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.

ಪೋಸ್ಟಾಫೀಸಿನ ಬಾಗಿಲಲ್ಲೇ ಅವಳಿಗೊಂದು ದೊಡ್ಡ ದನಿ ಕೇಳಿಸಿತು.

"ಅಜ್ಜಾ, ಈ ವಿಳಾಸದಲ್ಲಿ ಊರಿನ ಹೆಸರೇ ಇಲ್ವಲ್ಲ. ಪಾರ್ಸೆಲ್ಲು ತಾನೇ ಕೇಳ್ಕೊಂಡು ಹೋಗಬೇಕಾ? ಕೊಡಿ, ನಾನು ಬರೀತೀನಿ. ನಿಮ್ಮದೇನಮ್ಮ? ಮಂಡಿನೋವು ಹೇಗಿದೆ? ಮತ್ತೆ ಮಾತ್ರೆ ಬಿಟ್ರಾ? ನಿಮಗೆ ಬುದ್ಧಿ ಬರೋದು ಯಾವಾಗ?"

ಸ್ಕಾರ್ಫ್ ಸುತ್ತಿಕೊಂಡ ಮೇಡಂ ಕೌಂಟರಿನ ಹಿಂದೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದರು. ಸಾಲಿನಲ್ಲಿ ನಿಂತವರು ನಗುತ್ತಿದ್ದರು. ರೇಡಿಯೊ ಕಣ್ಣು ಕಣ್ಣು ಬಿಟ್ಟಳು. ಇವರ ಮುಂದೆ ತಾನು ಲೆಕ್ಕಕ್ಕೇ ಇಲ್ಲ.

ಅವಳ ಸರದಿ ಬಂತು. ಮೇಡಂ ಮುಖದ ನಗು ಮಾಯವಾಯಿತು.

"ಏನು ಬೇಕು?"

"ಸಾರಿ ಬೇಕು. ಅಲ್ಲ, ಸಾರಿ ಹೇಳಬೇಕು."

"ಅದಕ್ಕೆ ಸ್ಟಾಂಪ್ ಬೇಕಾಗಲ್ಲ. ಹೇಳು."

ರೇಡಿಯೊ ಮಿಸ್ಸು, ಬೋರ್ಡು, ಹಲ್ಲಿಯ ಬಾಲ, ಐದು ಕಾರ್ಡು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ಅಮ್ಮ ಬರೆದಿದ್ದು ಬರೀ 'ಮಾತು ಬೇಡ' ಅಂತ ಮೇಡಂ. ಅಲೂಫ್ ಅಂತ ಹಾಕಿದ್ದು ನಾನು. ಎಲ್ಲ ಒಂದೇ ಅಂದ್ಕೊಂಡಿದ್ದೆ."

"ಒಂದೇನಾ?" ಮೇಡಂ ಮುದ್ರೆ ಕೈಗೆತ್ತಿಕೊಂಡು ಒಂದು ಲಕೋಟೆಗೆ ಧಪ್ಪನೆ ಒತ್ತಿದರು. "ಶೈ ಅಂದ್ರೆ ಮಾತಾಡೋ ಆಸೆ ಇದೆ, ಧೈರ್ಯ ಇಲ್ಲ." ಇನ್ನೊಂದು ಲಕೋಟೆ. "ರಿಸರ್ವ್ಡ್ ಅಂದ್ರೆ ಒಳಗೆ ಮಾತಿದೆ, ಕಂಡಕಂಡವರಿಗೆ ಹಂಚಲ್ಲ. ಡಿಸ್ಟಂಟ್ ಅಂದ್ರೆ ಮೈ ಇಲ್ಲಿ, ಮನಸ್ಸು ಇನ್ನೆಲ್ಲೋ. ಕೋಲ್ಡ್ ಅಂದ್ರೆ ಎದುರಿಗಿರೋರು ಅತ್ರೂ ಏನೂ ಅನ್ಸಲ್ಲ. ಅಲೂಫ್ ಅಂದ್ರೆ," ಮುದ್ರೆ ಜೋರಾಗಿ ಬಿತ್ತು, "ನೀವ್ಯಾರೂ ನನ್ನ ಲೆಕ್ಕಕ್ಕಿಲ್ಲ ಅಂತ ದೂರ ನಿಲ್ಲೋದು. ನಾನು ನಿಮ್ಮಮ್ಮನ ಹತ್ರ ಹಾಗಿದ್ದೀನಾ?"

"ಬೇಗ ಮುಗಿಸ್ರಿ," ಎಂದರು ಹಿಂದಿದ್ದ ಒಬ್ಬರು.

"ಮುಗಿಸ್ತೀನಿ ಸ್ವಾಮಿ. ನಿಮ್ಮ ಪತ್ರಕ್ಕಿನ್ನೂ ರೆಕ್ಕೆ ಬಂದಿಲ್ಲ, ಎಲ್ಲೂ ಹಾರಿಹೋಗಲ್ಲ."

ರೇಡಿಯೊಗೆ ತಡೆಯಲಾಗಲಿಲ್ಲ. "ಮತ್ತೆ ಇಲ್ಲಿ ಇಷ್ಟೊಂದು ಮಾತಾಡ್ತೀರಲ್ಲ, ಅಲ್ಲಿ ಯಾಕೆ ತುಟಿ ಬಿಚ್ಚಲ್ಲ?"

ಮೇಡಂ ಮುದ್ರೆಯನ್ನು ಕೆಳಗಿಟ್ಟರು.

"ಇಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಮಾತಾಡಲೇಬೇಕು. ಮನೇಲೂ ಅಷ್ಟೇ. ನಿಮ್ಮಮ್ಮನ ಹತ್ರ ಮಾತ್ರ ಮಾತಾಡಲೇಬೇಕು ಅಂತಿಲ್ಲ." ಈಗ ಅವರ ದನಿ ಸಣ್ಣದಾಗಿತ್ತು. "ಅದು ಅವರಿಗೆ ಗೊತ್ತಿದೆ ಅಂದ್ಕೊಂಡಿದ್ದೆ. ಕಾರ್ಡ್ ನೋಡಿ ತುಂಬಾ ನೋವಾಯ್ತು."

"ಅಮ್ಮನಿಗೆ ಗೊತ್ತು ಮೇಡಂ. ಗೊತ್ತಿಲ್ದೇ ಇದ್ದಿದ್ದು ನಂಗೆ."

ಮೇಡಂ ಸ್ಕಾರ್ಫನ್ನು ಸರಿಮಾಡಿಕೊಂಡರು. ಎಡಗಡೆಯ ಉದ್ದ ಕೂದಲು ಹೊರಗೆ ಇಣುಕುತ್ತಿತ್ತು.

"ಐದೂವರೆಗೆ ಬರ್ತೀನಿ ಅಂತ ಹೇಳು. ಈಗ ಪಕ್ಕಕ್ಕೆ ಸರಿ, ಹಿಂದಿನವರು ನನ್ನನ್ನ ನುಂಗಿಬಿಡ್ತಾರೆ."

ಐದೂವರೆಗೆ ಸರಿಯಾಗಿ ಮೇಡಂ ಬಂದರು. ಅಮ್ಮ ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ. ಅಮ್ಮ ಕುರ್ಚಿ ತಿರುಗಿಸಿ, ಹೆಗಲಿಗೆ ಬಟ್ಟೆ ಹೊದಿಸಿ, ಕೂದಲಿಗೆ ನೀರು ಚಿಮುಕಿಸಿದಳು. ಮೇಡಂ ಕಣ್ಣು ಮುಚ್ಚಿದರು.

ರೇಡಿಯೊ ನಾಲಿಗೆಯ ತುದಿಯಲ್ಲಿ ಪ್ರಶ್ನೆಗಳು ಸಾಲುಗಟ್ಟಿದ್ದವು. ಊರಿನ ಹೆಸರಿಲ್ಲದ ಪಾರ್ಸೆಲ್ ಏನಾಗುತ್ತದೆ? ಬೇರೆಯವರ ಪತ್ರ ಓದಬೇಕು ಅನ್ನಿಸುವುದಿಲ್ಲವೇ? ಅವಳು ಬಾಯಿ ತೆರೆದಳು.

ಆಗ ಅಮ್ಮ ಕಿವಿಯ ಹಿಂದಿನ ಕೂದಲು ಕತ್ತರಿಸಲೆಂದು ಕೈ ಚಾಚಿದಳು. ಮೇಡಂ ತಲೆ ತಾನಾಗಿಯೇ ವಾಲಿ ಅಮ್ಮನ ಅಂಗೈಯಲ್ಲಿ ನಿಂತಿತು. ಬೆಳಗ್ಗೆಯಿಂದ ಬಿಗಿದುಕೊಂಡಿದ್ದ ಅಮ್ಮನ ಮುಖವೂ ಸಡಿಲವಾಯಿತು. ರೇಡಿಯೊ ಬಾಯಿ ಮುಚ್ಚಿಕೊಂಡಳು. ಕತ್ತರಿಯ ಕಚಕಚ ಒಂದೇ ಕೇಳಿಸುತ್ತಿತ್ತು, ಮತ್ತು ಆಶ್ಚರ್ಯವೆಂದರೆ ಅವಳಿಗೆ ಬೇಜಾರಾಗಲಿಲ್ಲ.

ಹೊರಗೆ ಯಾರೋ ಮೆಟ್ಟಿಲು ಹತ್ತುವ ಸದ್ದಾಯಿತು. ಎದುರುಮನೆಯ ಚಿಕ್ಕಮ್ಮ. ರೇಡಿಯೊ ಓಡಿಹೋಗಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಗೆ ನಿಂತಳು.

"ಒಂದು ಹತ್ತು ನಿಮಿಷ ಇಲ್ಲೇ ಕೂತ್ಕೊಳ್ಳಿ ಚಿಕ್ಕಮ್ಮ," ಎಂದಳು ಪಿಸುದನಿಯಲ್ಲಿ.

"ಯಾಕೆ? ಒಳಗೆ ಯಾರೂ ಇದ್ದ ಹಾಗಿಲ್ಲ. ಮಾತೇ ಕೇಳಿಸ್ತಿಲ್ವಲ್ಲ."

"ಇದ್ದಾರೆ," ಎಂದಳು ರೇಡಿಯೊ. "ಅಮ್ಮನ ಫ್ರೆಂಡ್ ಬಂದಿದ್ದಾರೆ."