ಹಿತ್ತಾಳೆ ಗೊಂಬೆ ಹಿಡಿದ ವ್ರತ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳಾಚೆ, ಚಂದ್ರಮಣಿಪುರವೆಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಹಿತ್ತಾಳೆ ಗೊಂಬೆ. ಯಾವ ಊರಿನ ಹೆಸರು ಹೇಳಿದರೂ ಆ ಊರಿನ ಓಲೆ ಹಾರಿಬಂದು ಗೊಂಬೆಯ ಎದುರು ಬಿಚ್ಚಿಕೊಳ್ಳುತ್ತಿತ್ತು. ಗೊಂಬೆ ಓದಿ ಹೇಳುತ್ತಿತ್ತು. ಓದುವುದಷ್ಟೇ ಅಲ್ಲ, ಓಲೆಯಲ್ಲಿ 'ಕುಣಿ' ಎಂದಿದ್ದರೆ ಕುಣಿಯುತ್ತಿತ್ತು, 'ಬಾಗಿಲು ತೆಗೆ' ಎಂದಿದ್ದರೆ ತೆಗೆಯುತ್ತಿತ್ತು. ಬರೆದವರು ಯಾರೆಂದು ಮಾತ್ರ ಕೇಳುತ್ತಿರಲಿಲ್ಲ.

ಧೂಮ್ರಜಟನೆಂಬ ಮಾಯಾವಿಗೆ ಇಷ್ಟು ಸಾಕಾಯಿತು.

ದೇವಿಯ ಗುಡಿಗೆ ಹೂ ಕಟ್ಟುವ ನೀಲಾಂಬೆಗೆ ಒಬ್ಬಳೇ ತಂಗಿ, ಮುದ್ದವ್ವ. ಅವಳು ಒಂದು ದಿನ ಹಾಡಿನ ಓಲೆ ತರಿಸಿದಳು. ಹಾಡಿನ ನಡುವೆ ಧೂಮ್ರಜಟ ಒಂದು ಸಾಲು ಅಡಗಿಸಿದ್ದ: 'ಎದುರಿಗಿದ್ದವಳ ಉಸಿರು ಹಿಡಿದು ನನಗೆ ಕಳಿಸು.' ಗೊಂಬೆ ಕೈಚಾಚಿತು. ಮುದ್ದವ್ವ ನಿಂತಲ್ಲೇ ಕಲ್ಲಾದಳು.

ಅರಮನೆಯ ಪಂಡಿತ ಶೇಷಾಚಾರ್ಯರು ಬಂದು ನೋಡಿದರು. "ಮೂರು ಹಗಲೊಳಗೆ ವಿಮೋಚನೆಯ ಮಂತ್ರ ಇವಳ ಕಿವಿಗೆ ಬೀಳಬೇಕು. ಇಲ್ಲದಿದ್ದರೆ ಎಂದೆಂದಿಗೂ ಕಲ್ಲೇ. ಮಂತ್ರದ ಓಲೆ ಮಾಯಾವನದಲ್ಲಿದೆ. ಅಲ್ಲಿ ಧೂಮ್ರಜಟನ ಓಲೆಗಳೂ ಬೆರೆತಿವೆ, ಮುದ್ರೆ ನೋಡಿ ಆರಿಸಮ್ಮ."

"ಸುಳ್ಳು ಮುದ್ರೆ ಒತ್ತಲು ಅವನಿಗೆಷ್ಟು ಹೊತ್ತು, ಸ್ವಾಮಿ?"

ನೀಲಾಂಬೆ ದೇವಿಯ ಮುಂದೆ ಕಣ್ಣುಮುಚ್ಚಿ ಕೂತಳು. ಅಂದು ಶುಕ್ರವಾರ, ಅವಳಿಗೆ ಉಪವಾಸ. ವ್ರತದ ದಿನ ಯಾರು ಏನು ಬಡಿಸಿದರೂ ಬಾಯಿಗೆ ಹೋಗದು. ವಿಷವಿಟ್ಟರೂ ಎಲೆಯಲ್ಲೇ ಉಳಿಯುತ್ತದೆ. ಗೊಂಬೆಗೂ ಒಂದು ವ್ರತ ಹಿಡಿಸಿದರೆ? ಆ ದೇವಿತಾಯಿಯೇ ಹೊಳೆಯಿಸಿದಳು.

ಮನೆಗೆ ಬಂದು ಅರಿಶಿನದ ದಾರದಿಂದ ಗೊಂಬೆಯ ಕಾಲು ಕಟ್ಟಿದಳು, ಕೈ ಕಟ್ಟಿದಳು, ಮನೆಯ ಮಾತು ಕೇಳದಂತೆ ಕಿವಿಗೂ ಸುತ್ತಿದಳು. ಕಣ್ಣು, ನಾಲಿಗೆ ಮಾತ್ರ ಬಿಟ್ಟಳು.

ಶೇಷಾಚಾರ್ಯರು ನಕ್ಕರು. "ಇದಕ್ಕೆ ಗೊಂಬೆ ಯಾಕಮ್ಮಾ? ಉಪ್ಪಿನಕಾಯಿ ಭರಣಿ ಇಟ್ಟುಕೋ!"

"ನನಗೀಗ ಓದು ಸಾಕು, ಸ್ವಾಮಿ. ಕುಣಿತ ಬೇಕಾದಾಗ ಬಿಚ್ಚಿದರಾಯಿತು."

ಕಲ್ಲಾದ ತಂಗಿಯ ಪಕ್ಕದಲ್ಲೇ ಗೊಂಬೆಯನ್ನಿಟ್ಟು ಮಾಯಾವನದ ಹೆಸರು ಹೇಳಿದಳು. ಹೆಸರು ಕೇಳಿ ಬರುವುದು ಓಲೆ, ಅದಕ್ಕೆ ಗೊಂಬೆಯ ಕಿವಿ ಬೇಕಿರಲಿಲ್ಲ.

ಮೊದಲ ದಿನ ಬಂಗಾರದ ಓಲೆ ಬಂತು. ಗೊಂಬೆ ಓದಿತು: "ಕಾಲು ಬಿಚ್ಚು, ಇಂದ್ರಸಭೆಯ ನಾಟ್ಯ ತೋರಿಸುತ್ತೇನೆ." ನೀಲಾಂಬೆ ಬಿಚ್ಚಲಿಲ್ಲ. ಓಲೆ ಬೂದಿಯಾಯಿತು.

ಎರಡನೆಯ ದಿನ ಬೆಳ್ಳಿಯ ಓಲೆ ಬಂತು. "ಕಿವಿ ಬಿಚ್ಚು, ನಿನ್ನ ಸಂಕಟ ಹೇಳಿಕೋ ಮಗಳೇ." ಅವಳಿಗೆ ಅಳು ಬಂತು, ಬಿಚ್ಚಲಿಲ್ಲ. ಅದೂ ಬೂದಿಯಾಯಿತು.

ಮೂರನೆಯ ದಿನ ಹೊತ್ತು ಇಳಿಯುವಾಗ ರಾಜಮುದ್ರೆಯ ಓಲೆ ಬಂತು, ಬಿಚ್ಚಿಕೊಳ್ಳಲಿಲ್ಲ. ಮೇಲೆ ಬರೆದಿದ್ದನ್ನು ಗೊಂಬೆ ಓದಿತು: "ನಾನೇ ವಿಮೋಚನೆಯ ಓಲೆ. ಕೈ ಕಟ್ಟಿದ ಗೊಂಬೆಗೆ ತೆರೆದುಕೊಳ್ಳಲಾರೆ. ಒಂದೇ ಒಂದು ಗಂಟು ಬಿಚ್ಚು. ನೋಡು, ಸೂರ್ಯ ಮುಳುಗುತ್ತಿದ್ದಾನೆ."

ನೀಲಾಂಬೆಯ ಬೆರಳು ಗಂಟಿನ ಮೇಲೆ ಹೋಯಿತು. "ಬಿಚ್ಚಮ್ಮಾ, ಬೇಗ!" ಎಂದರು ಪಂಡಿತರು.

ಬೆರಳು ನಿಂತಿತು. "ಮಂತ್ರ ಕಿವಿಗೆ ಬೀಳಬೇಕಾದದ್ದು, ಸ್ವಾಮಿ. ಅದಕ್ಕೆ ನನ್ನ ಗೊಂಬೆಯ ಕೈ ಯಾಕೆ ಬೇಕು? ತಾಯೀ, ನೀನಿದ್ದೀಯೆ," ಎಂದು ಆ ಓಲೆಯನ್ನೂ ಆಚೆ ತಳ್ಳಿದಳು.

ಹಿಂದೆಯೇ ಒಂದು ಸವೆದ ಓಲೆ ಬಂದು ಬಿಚ್ಚಿಕೊಂಡಿತು. ಮುದ್ರೆಯಿಲ್ಲ, ಬಣ್ಣವಿಲ್ಲ, ನಾಲ್ಕೇ ಸಾಲು. ಏನನ್ನೂ ಬೇಡಲಿಲ್ಲ. ಗೊಂಬೆ ಓದಿತು.

"ಅಕ್ಕಾ," ಎಂದಳು ಮುದ್ದವ್ವ, "ಕಾಲು ಜೋಮು ಹಿಡಿದಿದೆ!"

ಮರುದಿನ ಊರೂರಲ್ಲಿ ಗೊಂಬೆಗಳಿಗೆ ಅರಿಶಿನದ ದಾರ ಬಿತ್ತು. ಧೂಮ್ರಜಟ ಸಾವಿರ ಓಲೆ ಕಳಿಸಿದ. ಒಂದು ಕೈಯೂ ಏಳಲಿಲ್ಲ. ಓಲೆ ಬರೆಯಲು ಅವನಿಗೆ ಮಾಯೆಯಿತ್ತು, ಆದರೆ ಸ್ವಂತ ಕೈಗಳೇ ಇರಲಿಲ್ಲ. ಅದುವರೆಗೆ ಮಾಡಿದ್ದೆಲ್ಲ ಪರರ ಮನೆಯ ಕೈಗಳಿಂದ. ಹಿಡಿದಿಡುವ ಕೈಯಿಲ್ಲದೆ, ಊರೂರಲ್ಲಿ ಕದ್ದ ಉಸಿರುಗಳೆಲ್ಲ ಅವನಿಂದ ಬಿಡಿಸಿಕೊಂಡು ತಮ್ಮ ತಮ್ಮ ಮನೆ ಸೇರಿದವು. ಮಾಯಾವಿ ಹೊಗೆಯಾಗಿ ಹೋದ.

ಶೇಷಾಚಾರ್ಯರು ತಮ್ಮ ಗೊಂಬೆಯನ್ನು ಹೊತ್ತು ತಂದರು. "ನಮ್ಮ ಭರಣಿಗೂ ಒಂದು ಗಂಟು ಹಾಕಿಕೊಡಮ್ಮಾ."

ತಾವು ಬಲ್ಲವರ ಓಲೆ ಬಂದ ದಿನ ಜನ ದಾರ ಬಿಚ್ಚಿ ಗೊಂಬೆಯನ್ನು ಕುಣಿಸಿದರು, ಕುಣಿತ ಮುಗಿದೊಡನೆ ಮತ್ತೆ ಕಟ್ಟಿದರು. ಹೀಗೆ ಎಲ್ಲರೂ ನೆಮ್ಮದಿಯಾಗಿ ಬಾಳಿದರು. ಅವರನ್ನು ಕಾದ ತಾಯಿ ಕತೆ ಕೇಳಿದ ನಿಮ್ಮನ್ನೂ ಕಾಯಲಿ.